ಖಾನಾವಳಿ ಹಾಕುವ ವಿಚಾರ ಇಲ್ಲ

ಧಾರವಾಡದಲ್ಲಿ ನಿಮ್ಮ ಕೈಯಡುಗೆ ಯಾರಿಗಾದರೂ ಹಿಡಿಸಿತೆಂದರೆ ಬರೀ ಹೊಗಳಿ ಬಿಡುವುದಿಲ್ಲ, ಒಂದು ಉದ್ಯೋಗ ಹಚ್ಚಿ ಹೋಗುತ್ತಾರೆ. ‘ಅಕ್ಕಾರ, ನೀವ್ಯಾಕ ಒಂದು ಖಾನಾವಳಿ ಹಾಕಬಾರ್ದರೀ?’ ನನ್ನ ತವರು ಸಿದ್ದಾಪುರದ ಕಡೆ ಇದೇ ಮಾತು ‘ಕೇಟರಿಂಗ್ ಶುರು ಮಾಡೇ ಮಾರಾಯ್ತಿ’ ಎಂದಾಗುತ್ತದೆ. ಬೆಂಗಳೂರಿನಲ್ಲಿರುವ ತಂಗಿಯ ಮಗಳಿಗೆ ಇವೆರಡೂ ಹಳೇ ಕಾಲದವು. ‘ದೊಡ್ಡಮ್ಮ, ಒಂದು ಚಾನೆಲ್ ಮಾಡು, ಎಡಿಟಿಂಗ್ ನಂಗೆ ಬಿಡು’ ಅನ್ನುತ್ತಾಳೆ.

ಮೂವರ ಮಾತಿನಲ್ಲೂ ಪ್ರೀತಿ ಇದೆ. ಆದರೆ ಪ್ರತಿಸಲ ನಕ್ಕು ತಪ್ಪಿಸಿಕೊಳ್ಳುವುದು ಸಾಕಾಗಿದೆ. ಈ ಸಲ ಪತ್ರಿಕೆಯಲ್ಲೇ ಉತ್ತರ ಬರೆಯುತ್ತಿದ್ದೇನೆ: ಹಾಕುವುದಿಲ್ಲ. ಚೆನ್ನಾಗಿ ಅಡುಗೆ ಮಾಡುವವರೆಲ್ಲ ಬಾಗಿಲು ತೆರೆಯದೆ ಉಳಿದುಹೋದ ಹೋಟೆಲುಗಳು ಎಂದು ಜನ ಯಾಕೆ ತಿಳಿಯುತ್ತಾರೋ ನನಗಂತೂ ಅರ್ಥವಾಗಿಲ್ಲ.

ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ಅಡುಗೆ ನನ್ನ ಹುಚ್ಚು. ನಿಜ ಹೇಳಬೇಕೆಂದರೆ ಅಡುಗೆಗಿಂತ ಅಡುಗೆಯ ಯೋಚನೆಯೇ ದೊಡ್ಡ ಹುಚ್ಚು. ಒಲೆ ಹಚ್ಚಿ ಮಾಡಿದ್ದು ಒಂದು ಪಾಲಾದರೆ, ಮನಸ್ಸಿನಲ್ಲೇ ಕುದಿಸಿ ಇಳಿಸಿದ್ದು ಮೂರು ಪಾಲು. ಅದಕ್ಕೆ ಗ್ಯಾಸು ಖರ್ಚಾಗುವುದಿಲ್ಲ, ತಳ ಹಿಡಿಯುವುದಿಲ್ಲ, ಉಪ್ಪು ಮುಂದಾಯಿತೆಂದು ಗೊಣಗುವವರೂ ಇಲ್ಲ.

ಈ ಹುಚ್ಚಿಗೆ ನನ್ನ ನೌಕರಿಯೇ ಸೌದೆ ಒಟ್ಟುತ್ತದೆ. ನಮ್ಮ ಕೌಂಟರಿಗೆ ಪರದೇಶದ ಪಾರ್ಸೆಲ್ಲುಗಳು ಬರುತ್ತವೆ. ಅವುಗಳ ಜೊತೆ ಕಸ್ಟಮ್ಸಿನವರಿಗೆಂದು ಸಿಎನ್ 23 ಎಂಬ ಫಾರ್ಮು ತುಂಬಬೇಕು. ಡಬ್ಬಿಯೊಳಗೆ ಏನಿದೆ, ಎಷ್ಟು ತೂಕ, ಎಷ್ಟು ಬೆಲೆ, ಎಲ್ಲ ಅದರಲ್ಲಿ ಬರೆಯಬೇಕು. ಸರ್ಕಾರಿ ಕಾಗದಗಳಲ್ಲಿ ನಾನು ಆಸೆಯಿಂದ ಓದುವುದು ಇದೊಂದನ್ನೇ. ಶೇಂಗಾ ಚಟ್ನಿಪುಡಿ ಅರ್ಧ ಕೆಜಿ, ಗುರೆಳ್ಳು ಚಟ್ನಿಪುಡಿ ಕಾಲು ಕೆಜಿ, ಖಡಕ್ ರೊಟ್ಟಿ, ಶೇಂಗಾ ಹೋಳಿಗೆ, ಮಸಾಲಿ ಖಾರ. ಯಾರ ಮಗ, ಯಾವ ಊರು ಎಂಬುದು ನನಗೆ ಬೇಕಿಲ್ಲ. ಡಬ್ಬಿ ಎಷ್ಟು ಬಿಗಿಯಾಗಿ ಕಟ್ಟಿದ್ದರೂ ಹುರಿದ ಬೆಳ್ಳುಳ್ಳಿಯ ಒಂದೆಳೆ ವಾಸನೆ ತಕ್ಕಡಿಯವರೆಗೆ ಬಂದೇ ಬರುತ್ತದೆ.

ಫಾರ್ಮು ತುಂಬುವ ತಾಯಂದಿರ ಪೆನ್ನು ನಿಲ್ಲುವುದು ಬೆಲೆಯ ಕಾಲಮಿನಲ್ಲಿ. ‘ರೇಟ್ ಏನ್ ಬರೀಲಿರೀ ಬಾಯಾರ? ಮನ್ಯಾಗ ಮಾಡೇನಿ.’ ಕಾಳಿನ ಬೆಲೆ, ಎಣ್ಣೆಯ ಬೆಲೆ ಕೂಡಿಸಿ ಒಂದು ಅಂದಾಜು ಬರೆಯಿರಿ ಎನ್ನುತ್ತೇನೆ. ಬರೆಯುತ್ತಾರೆ. ಬರೆದ ಮೇಲೂ ಅನುಮಾನದಿಂದಲೇ ಅದನ್ನು ಇನ್ನೊಮ್ಮೆ ನೋಡುತ್ತಾರೆ.

ಲೇಬಲ್ಲು ಮುದ್ರಣವಾಗಿ ಬರುವ ಹೊತ್ತಿಗೆ ನಾನು ಆ ಗುರೆಳ್ಳಿನ ಹಿಂದೆ ಹೊರಟಿರುತ್ತೇನೆ. ಧಾರವಾಡಕ್ಕೆ ಬರುವವರೆಗೆ ಗುರೆಳ್ಳು ತಿಂದವಳಲ್ಲ ನಾನು. ಹಳೇ ಮೈಸೂರಿನವರ ಹುಚ್ಚೆಳ್ಳು ಇದೇ. ಕಪ್ಪಗೆ, ಸಣ್ಣಗೆ, ಹುರಿದರೆ ಚಟಪಟ ಸಿಡಿದು ಮನೆ ತುಂಬ ಎಣ್ಣೆಗಂಪು ಹಬ್ಬಿಸುವ ಕಾಳು. ನಮ್ಮ ಕಡೆ ಹಸಿ ಸಾಸಿವೆಯನ್ನು ತೆಂಗಿನ ತುರಿಯ ಜೊತೆ ರುಬ್ಬಿ, ಮೊಸರು ಬೆರೆಸಿ, ಹಣ್ಣನ್ನೋ ಹುರಿದ ಹಾಗಲವನ್ನೋ ಹಾಕಿ ಸಾಸ್ಮೆ ಮಾಡುತ್ತಾರೆ. ಸಾಸಿವೆಯ ಜಾಗದಲ್ಲಿ ಹುರಿದ ಗುರೆಳ್ಳು ಹಾಕಿದರೆ? ಸಾಸಿವೆ ಮೂಗಿಗೆ ಏರುತ್ತದೆ, ಗುರೆಳ್ಳು ಗಂಟಲಲ್ಲೇ ನಿಲ್ಲುತ್ತದೆ. ಹಾಗಲ ಬೇಡ, ಗುರೆಳ್ಳಿನ ಕಿರುಗಹಿಗೂ ಅದರ ಕಹಿಗೂ ಒಂದೇ ಬಟ್ಟಲಲ್ಲಿ ಜಗಳ ಹತ್ತುತ್ತದೆ. ಕಾಟುಮಾವಿನ ಹಣ್ಣು ಕಿವುಚಿ ಹಾಕಿದರೆ ಹೊಂದೀತು. ಆಗ ಬೆಲ್ಲ ಎಷ್ಟು... ‘ಮೇಡಂ, ಸ್ಪೀಡ್ ಪೋಸ್ಟ್ ಎಲ್ಲಿರೀ?’ ಬೆಲ್ಲದ ಲೆಕ್ಕ ಅಲ್ಲಿಗೇ ನಿಂತಿತು.

ಈ ಚಟ ಹತ್ತಿದ್ದು ತವರಿನಲ್ಲಿ. ಅಡಿಕೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಊಟವಾದ ಮೇಲೆ ಮನೆಯ ಹೆಂಗಸರು, ಅಕ್ಕಪಕ್ಕದವರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದರು. ಕೈ ತನ್ನ ಪಾಡಿಗೆ ಸುಲಿಯುತ್ತಿತ್ತು, ಬಾಯಿ ಅಡುಗೆ ಮಾಡುತ್ತಿತ್ತು. ಯಾರ ಮನೆಯ ಉಪನಯನದಲ್ಲಿ ಅಪ್ಪೆಹುಳಿ ಹೇಗಿತ್ತು, ಒಂದೆಲಗದ ತಂಬುಳಿಗೆ ಜೀರಿಗೆ ಸಾಕೋ ನಾಲ್ಕು ಕಾಳು ಮೆಣಸೂ ಬೇಕೋ, ಹಲಸಿನ ಎಲೆಯಲ್ಲಿ ಬೇಯಿಸಿದ ಕಡುಬಿಗೂ ಬಾಳೆ ಎಲೆಯದಕ್ಕೂ ಎಷ್ಟು ವ್ಯತ್ಯಾಸ, ಹೀಗೆ. ಇದರಲ್ಲಿ ಮರುದಿನ ಮಾಡಬೇಕಾದದ್ದು ಏನೂ ಇರುತ್ತಿರಲಿಲ್ಲ.

ಅಪ್ಪೆಮಿಡಿಯ ಮಾತು ಬಂತೆಂದರೆ ರಾತ್ರಿ ಇನ್ನಷ್ಟು ಉದ್ದವಾಗುತ್ತಿತ್ತು. ನಮ್ಮಲ್ಲಿ ಉಪ್ಪಿನಕಾಯಿಯ ಮಾವು ಎಂದರೆ ಸಾಲದು, ಮರದ ಹೆಸರೇ ಬೇಕು. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಹಳದೋಟ, ಕರ್ಣಕುಂಡಲ, ಮುರಿದರೆ ಜೀರಿಗೆಯ ಪರಿಮಳ ಬರುವ ಜೀರಿಗೆ ಮಿಡಿ. ಹೆಚ್ಚಿನ ಮರಗಳು ಹೊಳೆಯಂಚಿನಲ್ಲಿ ತಾವೇ ಬೆಳೆದು ನಿಂತವು. ತೊಟ್ಟು ಮುರಿದಾಗ ಚಿಮ್ಮುವ ಸೊನೆಯಲ್ಲೇ ಇರುತ್ತದೆ ಅದರ ಗುಣವೆಲ್ಲ. ತೊಟ್ಟಿನ ಸಮೇತ ಕೊಯ್ದು ಕಲ್ಲುಪ್ಪಿನಲ್ಲಿ ಹಾಕಿಟ್ಟರೆ ಮಿಡಿ ನೀರು ಬಿಟ್ಟು, ಚಿರುಟಿ, ಆಮೇಲಷ್ಟೇ ಸಾಸಿವೆ ಮೆಣಸಿನ ಖಾರಕ್ಕೆ ತಯಾರಾಗುತ್ತದೆ. ಅಪ್ಪೆಮಿಡಿಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಆದರೆ ಆ ಹೆಂಗಸರು ಈ ಮಾತೆಲ್ಲ ಆಡುತ್ತಿದ್ದದ್ದು ಮರ ಹೂವು ಕೂಡ ಬಿಡದ ಚಳಿಗಾಲದಲ್ಲಿ. ಇಲ್ಲದ ಮಿಡಿಗೆ ಉಪ್ಪು ಹಾಕಿ, ಚಿರುಟಿಸಿ, ಖಾರ ಅರೆದು, ಭರಣಿ ತುಂಬಿಸಿ ಬಾಯಿ ಕಟ್ಟಿದ ಮೇಲೆಯೇ ಏಳುತ್ತಿದ್ದರು.

ಅಮ್ಮ ಹಗಲಲ್ಲಿ ಒಲೆಯ ಮುಂದೆ ಅಡುಗೆಯ ಬಗ್ಗೆ ಒಂದು ಮಾತು ಆಡಿದ್ದನ್ನು ನಾನು ಕೇಳಿಲ್ಲ. ಕೂಡು ಕುಟುಂಬ, ಆಳುಕಾಳು, ಹೊತ್ತಿಗೆ ಸರಿಯಾಗಿ ಬಡಿಸಬೇಕು. ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಮುಗಿಸುತ್ತಿದ್ದಳು, ಅಷ್ಟೇ. ಅದೇ ಅನ್ನ ಹುಳಿ ರಾತ್ರಿ ಅಡಿಕೆ ರಾಶಿಯ ಮುಂದೆ ಬೇರೆಯೇ ಆಗಿಬಿಡುತ್ತಿತ್ತು. ಧ್ವನಿ ಏರುತ್ತಿತ್ತು, ವಾದ ಹುಟ್ಟುತ್ತಿತ್ತು, ನಗುತ್ತಿದ್ದಳು. ಅಡುಗೆಯನ್ನು ಆಕೆ ಪ್ರೀತಿಸುತ್ತಿದ್ದಳೇ ಎಂದು ಯಾರಾದರೂ ಕೇಳಿದರೆ ನಾನು ಯಾವ ಹೊತ್ತಿನಲ್ಲಿ ಎಂದು ಕೇಳಬೇಕಾಗುತ್ತದೆ.

ಕೆಲವು ಅಡುಗೆ ಕನಸಿನಲ್ಲೇ ಇರಲಿ ಎಂದು ನಾನೇ ಬಿಟ್ಟಿದ್ದೇನೆ. ತೊಡೆದೇವು ಅಂಥದ್ದು. ಅಕ್ಕಿಯನ್ನು ನುಣ್ಣಗೆ ರುಬ್ಬಿ ಕಬ್ಬಿನ ಹಾಲಿನಲ್ಲಿ ಕದಡಿದ ನೀರುನೀರಾದ ಹಿಟ್ಟು, ಒಲೆಯ ಮೇಲೆ ಬೋರಲು ಹಾಕಿದ ಮಣ್ಣಿನ ಗಡಿಗೆ, ಕೋಲಿಗೆ ಸುತ್ತಿದ ಬಟ್ಟೆ. ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಗಡಿಗೆಯ ಬೆನ್ನ ಮೇಲೆ ಒಮ್ಮೆ ಎಳೆದರೆ ಕಾಗದಕ್ಕಿಂತ ತೆಳುವಾದ ಒಂದು ಪೊರೆ ಎದ್ದು ನಿಲ್ಲುತ್ತದೆ. ಎಬ್ಬಿಸಿ ಮಡಚುವುದರಲ್ಲಿ ಗರಿಗರಿ. ಆಲೆಮನೆಯ ದಿನಗಳ ತಿಂಡಿ ಇದು, ಡಬ್ಬದಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ನಮ್ಮ ಎರಡನೇ ಮಹಡಿಯ ಮನೆಯಲ್ಲಿ ಗಡಿಗೆಯನ್ನು ಗ್ಯಾಸಿನ ಮೇಲೆ ಬೋರಲು ಹಾಕಿದರೆ ಕೆಳಗಿನವರು ಓಡಿಬಂದಾರು. ಹಾಗಾಗಿ ಬಸ್ಸಿನಲ್ಲಿ ಮಾಡುತ್ತೇನೆ. ಹುಬ್ಬಳ್ಳಿ, ತಡಸ, ಮುಂಡಗೋಡ ದಾಟಿ ಶಿರಸಿಗೆ ಹೋಗುವ ದಾರಿಯಲ್ಲಿ ಜೋಳದ ಸೀಮೆ ಮುಗಿದು ಭತ್ತದ ಸೀಮೆ ಶುರುವಾಗುವ ಹೊತ್ತಿಗೆ ಮನಸ್ಸಿನಲ್ಲಿ ಒಂದು ತೊಡೆದೇವು ಎದ್ದಿರುತ್ತದೆ. ಮುಂಡಗೋಡದಲ್ಲಿ 1960ರ ದಶಕದಿಂದ ಟಿಬೆಟನ್ನರ ಕ್ಯಾಂಪು ಇದೆ, ಅಲ್ಲಿಯ ಹೋಟೆಲುಗಳಲ್ಲಿ ಮೋಮೊ ಸಿಗುತ್ತದೆ. ಹಬೆಯಲ್ಲಿ ಬೆಂದ ಮೋಮೊ ನೋಡಿದಾಗಲೆಲ್ಲ ನನಗೆ ಪತ್ರೊಡೆ ನೆನಪಾಗುತ್ತದೆ. ಕೆಸುವಿನ ಸೊಪ್ಪನ್ನು ಹುಳಿ ಹಾಕಿ ಬೇಯಿಸಿ, ತುರಿಕೆ ಕಳೆದು, ಹೂರಣ ಮಾಡಿ ಮೋಮೊ ಒಳಗೆ ತುಂಬಿದರೆ ಯಾರ ಮನೆಯ ಅಜ್ಜಿ ಮೊದಲು ಬೈದಾಳು, ಟಿಬೆಟ್ಟಿನವಳೋ ಸಿದ್ದಾಪುರದವಳೋ ಎಂಬಷ್ಟೇ ಸಂಶಯ.

ಇಂಥ ತಲೆ ಇಟ್ಟುಕೊಂಡವಳಿಗೆ ಖಾನಾವಳಿ ಹಾಕು ಎನ್ನುತ್ತಾರೆ!

ಖಾನಾವಳಿ ನಡೆಸುವವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಓಣಿಯ ತುದಿಯಲ್ಲೇ ಒಬ್ಬ ಅಕ್ಕ ಇದ್ದಾರೆ. ಬೆಳಕು ಹರಿಯುವ ಮೊದಲೇ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ಜೋಳದ ಹಿಟ್ಟಿನಲ್ಲಿ ಗೋಧಿಯ ಅಂಟು ಇಲ್ಲ, ಕುದಿಯುವ ಎಸರು ಹಾಕಿ ನಾದಿದರೆ ಮಾತ್ರ ಪಿಷ್ಟ ಮೆತ್ತಗಾಗಿ ಹಿಟ್ಟು ಕೂಡಿಕೊಳ್ಳುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಾದರೆ ಜಿಗಿ ಹೋಗಿ ಅಂಚು ಒಡೆಯುತ್ತದೆ. ಈ ಅಕ್ಕ ಹಿಟ್ಟು ಮುಟ್ಟಿಯೇ ಹೇಳುತ್ತಾರೆ, ಇದು ಹಿಂಗಾರಿಯ ಮಾಲದಂಡಿ ಜೋಳವೋ ಬೇರೆಯದೋ, ಬೀಸಿ ಎಷ್ಟು ದಿನವಾಯಿತು ಎಂದು. ರೊಟ್ಟಿ ಬಡಿಯಲು ನನಗೆ ಕಲಿಸಿದವರೂ ಅವರೇ. ‘ಕೈಗೆ ಹೆದರಿಕಿ ಇರಬಾರ್ದರೀ, ಹಿಟ್ಟಿಗೆ ಗೊತ್ತಾಗ್ತದ’ ಎನ್ನುತ್ತಿದ್ದರು. ಅವರಿಗೆ ನಿನ್ನೆಯ ರುಚಿ ಇವತ್ತೂ ಬರಲೇಬೇಕು. ಎಣ್ಣೆಗಾಯಿ ಬದನೆಕಾಯಿ ಸೋಮವಾರ ಹೇಗಿತ್ತೋ ಶನಿವಾರವೂ ಹಾಗೇ ಇರಬೇಕು, ಇಲ್ಲದಿದ್ದರೆ ಮೆಂಬರುಗಳು ಬೇರೆ ಕಡೆ ನಡೆದಾರು. ಅದು ದೊಡ್ಡ ವಿದ್ಯೆ. ನನ್ನ ಹತ್ತಿರ ಅದಿಲ್ಲ. ಒಮ್ಮೆ ಸರಿ ಬಂದದ್ದನ್ನು ಮತ್ತೆ ಹಾಗೇ ಮಾಡಲು ನನಗೆ ಮನಸ್ಸೇ ಬರುವುದಿಲ್ಲ. ಬದನೆಕಾಯಿಗೆ ಗುರೆಳ್ಳಿನ ಜೊತೆ ಈ ಸಲ ಒಂದಿಷ್ಟು ಅಗಸಿ ಹಾಕಿದರೆ ಹೇಗೆ ಎಂದು ಕೈ ತುರಿಸುತ್ತದೆ. ದುಡ್ಡು ಕೊಟ್ಟು ಉಣ್ಣುವವರ ಮೇಲೆ ಹೀಗೆಲ್ಲ ಪ್ರಯೋಗ ಮಾಡುವುದು ಮರ್ಯಾದಸ್ಥರ ಲಕ್ಷಣ ಅಲ್ಲ.

ಅಡುಗೆಯಿಂದ ಬದುಕು ಕಟ್ಟಿಕೊಂಡವರ ಬಗ್ಗೆ ನನಗೆ ತಕರಾರಿಲ್ಲ, ಗೌರವವಿದೆ. ಲಿಜ್ಜತ್ ಪಾಪಡ್ ಶುರುವಾದದ್ದು 1959ರಲ್ಲಿ, ಮುಂಬೈನ ಗಿರ್‌ಗಾಂವ್‌ನಲ್ಲಿ, ಏಳು ಹೆಂಗಸರು ಸಾಲ ತಂದ 80 ರೂಪಾಯಿಯಲ್ಲಿ. ಇಂದು ಅದು ಸಾವಿರಾರು ಮನೆಗಳ ಅನ್ನ. ಧಾರವಾಡ, ಹುಬ್ಬಳ್ಳಿಯ ಓಣಿಗಳಲ್ಲಿ ಖಡಕ್ ರೊಟ್ಟಿ ಮಾಡಿ ಮಾರಿ ಮಕ್ಕಳನ್ನು ಓದಿಸಿದ ತಾಯಂದಿರು ಎಷ್ಟೋ ಜನ. ದುಡಿಮೆ ಬೇಕಿದ್ದವರಿಗೆ ಕೈಯಲ್ಲಿದ್ದ ವಿದ್ಯೆ ಆಸರೆಯಾಯಿತು. ನನಗೆ ಸಂಬಳ ಬರುತ್ತದೆ. ಆದರೂ ನನ್ನ ಸಾರು ರುಚಿಯಾದ ಕೂಡಲೇ ಅದಕ್ಕೊಂದು ರೇಟು ಹಚ್ಚದೆ ಇರಲು ಜನಕ್ಕೆ ಯಾಕೆ ಆಗುವುದಿಲ್ಲ? ಎದುರುಮನೆಯ ಮೇಷ್ಟ್ರು ವರ್ಷವಿಡೀ ಕ್ರಿಕೆಟ್ ನೋಡುತ್ತಾರೆ, ಸೋಫಾದ ಮೇಲೆ ಕೂತೇ ಫೀಲ್ಡಿಂಗ್ ಬದಲಿಸುತ್ತಾರೆ, ಇಲ್ಲದ ತಂಡಗಳನ್ನು ಕಟ್ಟುತ್ತಾರೆ. ಅವರಿಗೆ ‘ಮೇಷ್ಟ್ರೇ, ಒಂದು ಟೀಮು ಕೊಂಡುಬಿಡಿ’ ಎಂದು ಯಾರೂ ಹೇಳಿದ್ದಿಲ್ಲ. ಗಂಡಸಿನ ಹುಚ್ಚು ಹುಚ್ಚಾಗಿಯೇ ಇರಬಹುದು. ಹೆಂಗಸಿನದು ಮಾತ್ರ ಒಂದೋ ಮನೆಗೆ ಉಪಯೋಗ ಆಗಬೇಕು, ಇಲ್ಲವೇ ನಾಲ್ಕು ಕಾಸು ತರಬೇಕು.

ಹಾಗೆಂದು ‘ಅಡುಗೆ ಎಂದರೆ ಹೆಣ್ಣಿನ ಪ್ರೀತಿ, ಅದರಲ್ಲೇ ಆಕೆಗೆ ಸುಖ’ ಎಂದು ಇದನ್ನು ಓದಿ ತಲೆದೂಗುವ ಮಹನೀಯರಿದ್ದರೆ ಅವರಿಗೂ ಒಂದು ಮಾತು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲೇ ಕಳೆಯುತ್ತಾರೆ. ಗಂಡಸರದು 88 ನಿಮಿಷ. ಅದೂ ಆ ಕೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ ಮಾತ್ರ, ಹಾಕದವರು ಈ ಸರಾಸರಿಯಲ್ಲಿ ಬರುವುದೇ ಇಲ್ಲ. ಆ ಐದು ತಾಸಿನ ಹತ್ತಿರಹತ್ತಿರದ ಹೊತ್ತಿನಲ್ಲಿ ಕನಸಿಗೆ ಎಲ್ಲಿದೆ ಜಾಗ? ಮಕ್ಕಳ ಡಬ್ಬಿ, ಹಿರಿಯರ ಪಥ್ಯ, ಮುಸುರೆ. ‘ನೀನು ಸಾಕ್ಷಾತ್ ಅನ್ನಪೂರ್ಣೇಶ್ವರಿ’ ಎಂಬ ಬಿರುದು ಕೊಟ್ಟು ಎದ್ದು ಹೋದವರ ತಟ್ಟೆ ಸಾಮಾನ್ಯವಾಗಿ ಟೇಬಲ್ಲಿನ ಮೇಲೇ ಉಳಿದಿರುತ್ತದೆ, ನಾನು ಗಮನಿಸಿದ್ದೇನೆ.

ನಮ್ಮ ಮನೆಯಲ್ಲಿ ಬೆಳಗಿನ ತಿಂಡಿ ನನ್ನವರದು. ಅವಲಕ್ಕಿ, ಉಪ್ಪಿಟ್ಟು, ಒಮ್ಮೊಮ್ಮೆ ಚುರುಮುರಿಯ ಸೂಸಲ. ವಾರದಲ್ಲಿ ಅದೇ ಮೂರು ತಿರುಗಿ ಬರುತ್ತವೆ, ನಾನು ತುಟಿ ಪಿಟಕ್ಕೆನ್ನುವುದಿಲ್ಲ. ರಾತ್ರಿಯ ಅನ್ನಕ್ಕೆ ಇಡುವುದು, ಪಾತ್ರೆ ತೊಳೆಯುವುದು ಮಗನದು. ಹೀಗೆ ಹಂಚಿಕೊಂಡದ್ದರಿಂದಲೇ ನನ್ನ ಪಾಲಿಗೆ ಉಳಿದ ಅಡುಗೆಯನ್ನು ನಾನು ಇಷ್ಟಪಡಬಲ್ಲೆ. ಅಮ್ಮನಿಗೆ ಅಡಿಕೆ ರಾಶಿಯ ಮುಂದೆ ಸಿಗುತ್ತಿದ್ದದ್ದು ನನಗೆ ಒಲೆಯ ಮುಂದೆಯೂ ಸಿಗುತ್ತಿದೆ. ಮನೆಯಾಕೆ ಅಡುಗೆಯನ್ನು ಪ್ರೀತಿಸಲಿ ಎಂಬ ಆಸೆ ಇರುವವರು ಮೊದಲು ಮುಸುರೆಗೆ ಕೈ ಹಾಕಲಿ.

ಇನ್ನು ಚಾನೆಲ್ಲು. ತಂಗಿಯ ಮಗಳು ಒಮ್ಮೆ ಬಂದು ಅಪ್ಪೆಹುಳಿ ಚಿತ್ರೀಕರಿಸಲು ಕೂತಳು. ಹುಳಿಮಾವನ್ನು ಬೇಯಿಸಿ ಕಿವುಚಿ, ನೀರು ಧಾರಾಳ ಹಾಕಿ, ಇಂಗು ಸಾಸಿವೆ ಮೆಣಸಿನ ಒಗ್ಗರಣೆ ಕೊಟ್ಟರೆ ಆಯಿತು, ಲೋಟದಲ್ಲಿ ಕುಡಿಯುವ ಪದಾರ್ಥ. ‘ಇಷ್ಟೇನಾ? ಇನ್ನೂ ಏನಾದ್ರೂ ಹಾಕು ದೊಡ್ಡಮ್ಮ, ನೋಡೋಕೆ ನೀರು ಥರ ಇದೆ’ ಎಂದಳು. ಅದು ನೀರಿನ ಥರ ಇರಬೇಕಾದದ್ದೇ. ಕ್ಯಾಮೆರಾಕ್ಕೆ ಬಣ್ಣ ಬೇಕು, ಅಪ್ಪೆಹುಳಿಗೆ ಬಣ್ಣ ಇಲ್ಲ. ಅಲ್ಲಿಗೆ ಚಾನೆಲ್ಲಿನ ಕತೆ ಮುಗಿಯಿತು. ಅವಳು ಮೂರು ಲೋಟ ಕುಡಿದು, ನಿದ್ದೆ ಬಂತೆಂದು ಮಲಗಿದಳು.

ಈಚೆಗೆ ನನ್ನ ಹಗಲುಗನಸು ಹಿಂದಕ್ಕೆ ಹರಿಯುತ್ತಿದೆ. ಇಡ್ಲಿಯ ಹೆಸರು ಕನ್ನಡದ ವಡ್ಡಾರಾಧನೆಯಲ್ಲೇ ‘ಇಡ್ಡಲಿಗೆ’ ಎಂದು ಬರುತ್ತದೆ, ಅದು ಹತ್ತನೇ ಶತಮಾನದ ಕೃತಿ. ನೂರು ವರ್ಷದ ನಂತರ, 1025ರ ಲೋಕೋಪಕಾರದಲ್ಲಿ ಇಮ್ಮಡಿ ಚಾವುಂಡರಾಯ ಅದನ್ನು ಮಾಡುವ ಕ್ರಮ ಹೇಳುತ್ತಾನೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಬೇಕು, ಮೊಸರಿನ ತಿಳಿ ಬೆರೆಸಬೇಕು, ಮಸಾಲೆ ಸೇರಿಸಬೇಕು. ಅಕ್ಕಿಯ ಸುದ್ದಿಯೇ ಇಲ್ಲ. ಹಿಟ್ಟಿನಲ್ಲಿ ಗಾಳಿ ಹಿಡಿದಿಡುವುದು ಉದ್ದಿನ ಲೋಳೆ ಎಂಬುದು ರುಬ್ಬಿದವರಿಗೆಲ್ಲ ಗೊತ್ತು, ಆದರೆ ಉಬ್ಬಿದ್ದನ್ನು ಬೀಳದಂತೆ ನಿಲ್ಲಿಸಲು ಅಕ್ಕಿಯ ತರಿ ಬೇಡವೇ? ಹಬೆಯಿಂದ ತೆಗೆದ ಕೂಡಲೇ ಕುಸಿಯುತ್ತಿತ್ತೋ ಏನೋ. ಅಥವಾ ಅವರಿಗೆ ಮೆತ್ತನೆಯ ಇಡ್ಲಿಯ ಹಟವೇ ಇರಲಿಲ್ಲವೋ. ಬೇಕಾದರೆ ನಾಳೆಯೇ ಮಾಡಿ ನೋಡಬಹುದು. ಆದರೆ ಮಾಡಿಬಿಟ್ಟರೆ ಒಂದೇ ಉತ್ತರ ಸಿಗುತ್ತದೆ. ಈಗ ನನ್ನ ಹತ್ತಿರ ನಾಲ್ಕೈದು ಉತ್ತರಗಳಿವೆ, ನಾಲ್ಕೈದೂ ರುಚಿಯಾಗಿವೆ.

ಇನ್ನೊಬ್ಬ ಮೂರನೇ ಮಂಗರಸ. ಹದಿನಾರನೇ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯನ್ನು ಆಳುತ್ತಿದ್ದವನು, ಜೈನ. ಭಕ್ಷ್ಯ, ಪಾನಕ, ಅನ್ನ, ಬದನೆಕಾಯಿ, ಕಳಲೆ ಎಲ್ಲವನ್ನೂ ವಾರ್ಧಕ ಷಟ್ಪದಿಯಲ್ಲಿ ಕೂರಿಸಿ ಸೂಪಶಾಸ್ತ್ರ ಬರೆದ. ಆಳುವವನಾದ್ದರಿಂದ ಒರಳು ತಿರುಗಿಸುವ ಪ್ರಸಂಗ ಅವನಿಗೆ ಬಂದಿರಲಿಕ್ಕಿಲ್ಲ ಎಂದು ನನ್ನ ಊಹೆ. ಒಗ್ಗರಣೆಯನ್ನು ಷಟ್ಪದಿಯ ಮಾತ್ರೆಗೆ ಹೊಂದಿಸುತ್ತ ಕೂತ ಆ ಮನುಷ್ಯ ನನ್ನ ಜಾತಿಯವನೇ. ಅವನಿಗೆ ಯಾರೂ ಖಾನಾವಳಿ ಹಾಕು ಎಂದಿರಲಾರರು.

ಹೀಗೆ ಓದುತ್ತ ಓದುತ್ತ ಒಂದು ದೊಡ್ಡ ಊಟದ ಏರ್ಪಾಡು ತಲೆಯಲ್ಲಿ ನಡೆದಿದೆ. ಬಾಳೆ ಎಲೆ, ನೆಲದ ಪಂಕ್ತಿ. ಚಾವುಂಡರಾಯನಿಗೆ ನಮ್ಮ ಅಕ್ಕಿ ಸೇರಿದ ಇಡ್ಲಿ ಕೊಟ್ಟು ಅಭಿಪ್ರಾಯ ಕೇಳಬೇಕು. ಮಂಗರಸನಿಗೆ ಈರುಳ್ಳಿ ಬೆಳ್ಳುಳ್ಳಿ ಮುಟ್ಟಿಸದ ಎಣ್ಣೆಗಾಯಿ ಬೇರೆ ಆಗಬೇಕು, ಅದನ್ನು ಓಣಿಯ ಅಕ್ಕ ಒಪ್ಪಿಕೊಂಡಿದ್ದಾರೆ, ‘ಬಳ್ಳೊಳ್ಳಿ ಇಲ್ಲಂದ್ರ ಏನ್ ಎಣ್ಣಿಗಾಯಿರೀ’ ಎಂದು ಗೊಣಗುತ್ತಲೇ. ಅಡಿಕೆ ಸುಲಿಯುವ ಹೆಂಗಸರು ಈ ಸಲ ಕೂತು ಉಣ್ಣುವವರು, ಅವರಿಗೆ ಬಡಿಸುವ ಕೆಲಸವಿಲ್ಲ. ಪಾರ್ಸೆಲ್ಲಿನ ತಾಯಂದಿರು ತಲಾ ಒಂದು ಚಟ್ನಿಪುಡಿ ತರುತ್ತಾರೆ, ಬೆಲೆಯ ಕಾಲಮು ಖಾಲಿ ಬಿಟ್ಟರೆ ನಡೆಯುತ್ತದೆ.

ತೊಡಕು ಕಲ್ಯಾಣದ ಮೂರನೇ ಸೋಮೇಶ್ವರನದು. ಮಾನಸೋಲ್ಲಾಸ ಬರೆಸಿದ ಚಾಲುಕ್ಯ ಚಕ್ರವರ್ತಿ, ಕರೆಯದೆ ಇರುವಂತಿಲ್ಲ. ಹನ್ನೆರಡನೇ ಶತಮಾನದ ಆ ಗ್ರಂಥದಲ್ಲಿ ಉದ್ದಿನ ಇಡ್ಲಿಯೂ ಇದೆ, ದೋಸೆಯೂ ಇದೆ, ಜೊತೆಗೆ ಹಂದಿ, ಮೀನು, ಆಮೆ, ಹೊಲದ ಇಲಿಯನ್ನು ಸುಟ್ಟು ಬೇಯಿಸುವ ಕ್ರಮವೂ ಇದೆ. ಅವನ ಎಲೆಯನ್ನು ಮಂಗರಸನ ಪಕ್ಕ ಹಾಕುವಂತಿಲ್ಲ, ನಮ್ಮ ಸಿದ್ದಾಪುರದ ಅತ್ತೆಯಂದಿರ ಎದುರಿಗಂತೂ ಸಾಧ್ಯವೇ ಇಲ್ಲ. ಸದ್ಯಕ್ಕೆ ಜಗುಲಿಯ ಮೇಲೆ ಕೂರಿಸಿ ಒಂದು ಲೋಟ ಅಪ್ಪೆಹುಳಿ ಕೊಟ್ಟು ಬಂದಿದ್ದೇನೆ. ಅದನ್ನು ಕುಡಿದರೆ ಹೇಗೂ ನಿದ್ದೆ ಬರುತ್ತದೆ.